ಎರಡು ಚಮಚ ಅವರೆಕಾಳು

ಡಿಸೆಂಬರ್ ಬಂತೆಂದರೆ ಹೊಸೂರಿನಲ್ಲಿ ಮೂಗಿಟ್ಟುಕೊಂಡು ಓಡಾಡುವುದೇ ಕಷ್ಟ. ಬಸ್ ಸ್ಟ್ಯಾಂಡಿನ ಪಕ್ಕ ಅವರೆಕಾಯಿ ರಾಶಿ, ಮಾರ್ಕೆಟ್ಟಿನ ಮುಂದೆ ರಾಶಿ, ಮೂಕಂಡಪಲ್ಲಿಯ ಬೀದಿಗಳಲ್ಲಂತೂ ಹೆಂಗಸರು ಬಾಗಿಲಲ್ಲೇ ಕಾಲು ಚಾಚಿಕೊಂಡು ಕಾಯಿ ಬಿಡಿಸುತ್ತಾ ಕೂತಿರುತ್ತಾರೆ. ಆ ಸೊಗಡಿನ ವಾಸನೆ ಅಂದರೆ ಏನಂದುಕೊಂಡಿರಿ! ಒಮ್ಮೆ ಕೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಬೇರೆಯವರಿಗೆ ಆ ವಾಸನೆಗೆ ಹಸಿವಾಗುತ್ತದೆ. ಮುನಿಕೃಷ್ಣನಿಗೆ ಅಳು ಬರುತ್ತಿತ್ತು.

ನಗಬೇಡಿ. ಮೂವತ್ತೆಂಟು ವರ್ಷದ ಗಂಡಸು, ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಮಿಷನ್ ಆಪರೇಟರು, ಆರು ಜನಕ್ಕೆ ಕೆಲಸ ಹೇಳುವವನು, ಅವರೆಕಾಯಿ ರಾಶಿ ನೋಡಿ ಕಣ್ಣೊರೆಸಿಕೊಂಡ ಎಂದರೆ ಯಾರಿಗಾದರೂ ನಗು ಬರುತ್ತದೆ, ಒಪ್ಪಿದೆ. ಆದರೆ ಅವನು ಅತ್ತದ್ದು ಕಾಳಿಗಲ್ಲ, ಅಕ್ಕನಿಗೆ. ಅಕ್ಕ ಅಂಜಮ್ಮ ಗುಮ್ಮಳಾಪುರದಲ್ಲಿದ್ದಳು, ಬಸ್ಸಿನಲ್ಲಿ ಕೂತರೆ ಗಂಟೆಯ ಮೇಲೆ ಸ್ವಲ್ಪ. ಅವಳು ತಮ್ಮನ ಜೊತೆ ಮಾತು ಬಿಟ್ಟು ಎರಡು ವರ್ಷ ತುಂಬಿತ್ತು.

ಅಮ್ಮ ಸತ್ತಾಗ ಮುನಿಕೃಷ್ಣನಿಗೆ ಐದು ವರ್ಷ, ಅಂಜಮ್ಮನಿಗೆ ಹದಿನಾರು. ಅವತ್ತಿನಿಂದ ಅವನ ಬಾಯಿಗೆ ಬಿದ್ದ ತುತ್ತೆಲ್ಲ ಅವಳ ಕೈಯದೇ. ಹೆಣ್ಣು ನೋಡಲು ಬಂದವರಿಗೆ ಅವಳು ನೇರವಾಗಿ ಹೇಳುತ್ತಿದ್ದಳಂತೆ, "ನನ್ ತಮ್ಮ ನನ್ ಜೊತೇಲೇ ಇರ್ತಾನೆ, ಒಪ್ಪಿದ್ರೆ ಕಾಫಿ ಕುಡೀರಿ, ಇಲ್ದಿದ್ರೆ ಲೋಟ ಮಡಗಿ." ಮೂವರು ಲೋಟ ಇಟ್ಟು ಎದ್ದು ಹೋದರು. ನಾಲ್ಕನೆಯವನು ಅದೇ ಬೀದಿಯ ಪಾಪಯ್ಯ, ಕಾಫಿ ಕುಡಿದ. ಹಾಗಾಗಿ ಅವನು ಭಾವನಾದ.

ಮುನಿಕೃಷ್ಣ ಕೆಲಸಕ್ಕೆ ಸೇರಿ, ಶಾಂತಿಯನ್ನು ಮದುವೆಯಾಗಿ, ಮೂಕಂಡಪಲ್ಲಿಯಲ್ಲಿ ಮನೆ ಮಾಡಿದ ಮೇಲೂ ಭಾನುವಾರದ ಊಟ ಮಾತ್ರ ಅಕ್ಕನದೇ. ಅವರೆ ಕಾಲದಲ್ಲಿ ಹಿತಕಿದ ಬೇಳೆ ಸಾರು, ಮಿಕ್ಕ ಕಾಲದಲ್ಲಿ ಹುರುಳಿ, ಅಲಸಂದೆ, ಏನಾದರೊಂದು ಕಾಳು. ಮುದ್ದೆಯ ನಡುವೆ ಗುಳಿ ಮಾಡಿ, ಒಂದು ಸೌಟು ಸಾರು ಹುಯ್ದು, ಅವನು ಸಾಕು ಅಂದರೆ ಇನ್ನೊಂದು ಸೌಟು. ಬೆಳ್ಳುಳ್ಳಿಯನ್ನು ಅವಳು ಎಸಳಿನಲ್ಲಿ ಹಾಕುವವಳಲ್ಲ, ಗಡ್ಡೆಗಟ್ಟಲೆ. ಊರಿನ ಮದುವೆ, ತಿಥಿ ಯಾವುದಿರಲಿ, ಸೌಟು ಹಿಡಿದು ಪಂಕ್ತಿಯಲ್ಲಿ ಮೊದಲು ನಿಲ್ಲುವವಳು ಅಂಜಮ್ಮನೇ. ಅವಳು ಬಡಿಸಿದ ಎಲೆಯಿಂದ ಯಾರೂ ಹಸಿದು ಎದ್ದವರಿಲ್ಲ.

ಅಂಥ ಊಟ ಉಂಡವನಿಗೆ ಮೂವತ್ತೈದರ ಹೊತ್ತಿಗೆ ಹೊಟ್ಟೆ ಕೈ ಕೊಟ್ಟಿತು. ಮೊದಲು ಉಬ್ಬರ, ಆಮೇಲೆ ಕರುಳು ಹಿಂಡಿದ ಹಾಗೆ ನೋವು, ಅದರ ಹಿಂದೆಯೇ ಅವಸರ. ಫ್ಯಾಕ್ಟರಿ ಬಸ್ಸಿನಲ್ಲಿ ಐವತ್ತು ಜನರ ಮಧ್ಯೆ ಹೊಟ್ಟೆ ಹಿಡಿದುಕೊಂಡು, ಬೆವೆತು, "ನಿಲ್ಸಪ್ಪಾ, ನಿಲ್ಸು" ಎಂದು ಡ್ರೈವರಿಗೆ ಕೈ ಮುಗಿದು, ರಸ್ತೆ ಬದಿಯ ಲಂಟಾನ ಪೊದೆಯ ಹಿಂದೆ ಓಡಿದ ದಿನ ಅವನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅದು ಒಂದು ದಿನವಲ್ಲ, ಎಷ್ಟೋ ಸೋಮವಾರ.

ಸೋಮವಾರ ಎಂಬುದನ್ನು ಗುರುತಿಸಿದವಳು ಅತ್ತೆ ಕದಿರಮ್ಮ. ಮಗಳ ಮನೆಗೆ ಬಂದು ನಾಲ್ಕು ವಾರ ಇದ್ದವಳು ಬೆರಳು ಮಡಚಿ ಹೇಳಿದಳು, "ಸೋಮ್ವಾರ ಸೋಮ್ವಾರಾನೇ ಯಾಕ್ ಬತ್ತದೆ ಶಾಂತೀ? ಭಾನ್ವಾರ ಎಲ್ಲಿ ಉಣ್ತಾರೆ ನೋಡು." ಮುದುಕಿ ಕಂಡದ್ದು ಸರಿಯಾಗಿಯೇ ಇತ್ತು, ಅದನ್ನು ಇಲ್ಲ ಅನ್ನಲಾರೆ. ಆದರೆ ಅವಳು ಅಲ್ಲಿಂದ ಹಾರಿದ್ದು ಎಲ್ಲಿಗೆ ಗೊತ್ತೆ? "ಕೈಮದ್ದು ಇಕ್ಕವ್ರೆ. ಮದ್ದು ಮನಸ್ಸಿಗೆ ಹತ್ರ ಇರೋರೇ ಇಕ್ಕೋದು. ತಮ್ಮನ್ನ ಬಿಟ್ಟುಕೊಡಕ್ಕೆ ಆಗ್ತಿಲ್ಲ ಆವಮ್ಮಂಗೆ."

ಈ ಸೀಮೆಯಲ್ಲಿ ಹುಟ್ಟಿದವರಿಗೆ ಕೈಮದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಆಗದವರೋ, ಆಸೆಪಟ್ಟವರೋ ಅನ್ನದಲ್ಲಿ ಅದೇನೋ ಕಲಸಿ ಇಕ್ಕುತ್ತಾರೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯನನ್ನು ಸೊರಗಿಸುತ್ತದೆ ಎಂಬ ನಂಬಿಕೆ. ಗಂಟು ತೆಗೆಯುವವರೂ ಇದ್ದಾರೆ. ಕಾಡಿನಂಚಿನ ಒಂದು ಹಳ್ಳಿಗೆ ಅತ್ತೆ, ಹೆಂಡತಿ ಇಬ್ಬರೂ ಸೇರಿ ಅವನನ್ನು ಕರೆದುಕೊಂಡು ಹೋದರು. ಅಲ್ಲಿಯವನು ಯಾವುದೋ ಸೊಪ್ಪಿನ ರಸ ಕುಡಿಸಿದ, ಮುನಿಕೃಷ್ಣ ಕರುಳು ಕಿತ್ತು ಬರುವಂತೆ ಕಾರಿದ, ಮದ್ದು ತೆಗೆಯುವವನು ಕಡ್ಡಿಯಲ್ಲಿ ಕೆದಕಿ ಕೂದಲು ಸುತ್ತಿದ ಒಂದು ಉಂಡೆ ತೋರಿಸಿದ. "ಹೆಂಗಸು. ರಕ್ತ ಸಂಬಂಧ. ಕೈಯಾರೆ ತುತ್ತು ಕೊಡೋಳು."

ಮುನಿಕೃಷ್ಣ ಬಾಯಿ ತೊಳೆದುಕೊಳ್ಳುತ್ತಾ ಸುಮ್ಮನಿದ್ದ. ನನಗೆ ಸಿಟ್ಟು ಬರುವುದು ಇಲ್ಲೇ. ಅಲ್ಲಯ್ಯಾ, ಕಾರುವುದಕ್ಕೆ ಬಾಯಿ ಬಂತು, ನಮ್ಮಕ್ಕ ಅಂಥವಳಲ್ಲ ಅನ್ನುವುದಕ್ಕೆ ಬರಲಿಲ್ಲವೆ?

ಸುದ್ದಿ ಅವನಿಗಿಂತ ಮೊದಲು ಗುಮ್ಮಳಾಪುರ ತಲುಪಿತು. ಮರುದಿನ ಅಂಜಮ್ಮ ಫೋನು ಮಾಡಿದಳು. "ಮುನೀ, ನಾನ್ ನಿಂಗೆ ಮದ್ದು ಇಕ್ಕಿದ್ದೀನಂತೆ. ಊರ್ನೋರು ಬುಡು. ನೀನೂ ನಂಬ್ದೇನ್ಲಾ?" ಆ ಹೊತ್ತಿಗೆ ಅವನ ಹೊಟ್ಟೆ ಹಿಂಡುತ್ತಿತ್ತು. ಅವನು ಒಂದು ಗಳಿಗೆ, ಒಂದೇ ಒಂದು ಗಳಿಗೆ, ಯೋಚನೆ ಮಾಡಿದ. ಇಲ್ಲಕ್ಕ ಅನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಆಮೇಲೆ ಎಷ್ಟು ಸಲ ಮಾಡಿದರೂ ಅವಳು ಎತ್ತಲಿಲ್ಲ. ಒಮ್ಮೆ ಊರಿಗೇ ಹೋದ, ಅವಳು ಬಾಗಿಲು ಹಾಕಿಕೊಂಡು ಒಳಗೇ ಕೂತಳು. ಅಂಜಮ್ಮ ಈಗ ಯಾರ ಮದುವೆಯಲ್ಲೂ ಸೌಟು ಹಿಡಿಯುವುದಿಲ್ಲ, ಮೂಲೆಯಲ್ಲಿ ಕೂತು ಉಂಡು ಬರುತ್ತಾಳೆ, ಕೆಲವು ಸಲ ಉಣ್ಣದೆಯೂ ಬರುತ್ತಾಳೆ ಎಂದು ಭಾವ ಪಾಪಯ್ಯ ಗುಟ್ಟಾಗಿ ಹೇಳಿದಾಗ ಮುನಿಕೃಷ್ಣ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಅತ್ತ.

ಗಂಟು ತೆಗೆಸಿದರೂ ಹೊಟ್ಟೆ ವಾಸಿಯಾಗಲಿಲ್ಲ, ಆಗುವುದಾದರೂ ಹೇಗೆ? ಕೊನೆಗೆ ಹೊಸೂರಿನ ಒಬ್ಬ ಡಾಕ್ಟರು ರಕ್ತ, ಮಲ, ಸ್ಕ್ಯಾನು, ಕೊಳವೆ ಬಿಟ್ಟು ನೋಡುವುದು ಎಲ್ಲ ಮಾಡಿಸಿ, "ಗಾಯ ಇಲ್ಲ, ಗಂಟಿಲ್ಲ, ಕರುಳು ಬೇಗ ಕೆರಳುತ್ತೆ ಅಷ್ಟೆ, ಇದಕ್ಕೆ ಐಬಿಎಸ್ ಅಂತಾರೆ" ಎಂದು ಹೇಳಿ ಊಟ-ತಿಂಡಿಯ ಸಲಹೆ ಕೊಡುವ ರಮಾದೇವಿಯ ಹತ್ತಿರ ಕಳಿಸಿದರು. ರಮಾದೇವಿಯದು ತಮಿಳು ಮನೆಮಾತು, ಇವನದು ಕನ್ನಡ. ಇಬ್ಬರೂ ಎರಡನ್ನೂ ಕಲಸಿಕೊಂಡು ಮಾತಾಡಿದರು. ಯಾವಾಗ, ಏನು ತಿಂದಾಗ ಜೋರಾಗಿ ಕಾಡಿತ್ತು, ನೆನಪಿದ್ದಷ್ಟು ಬರೆಯಿರಿ ಎಂದು ಆಕೆ ಒಂದು ನೋಟ್‌ಬುಕ್ ಕೊಟ್ಟರು. ಮುನಿಕೃಷ್ಣ ಬರೆದ: ಭಾನುವಾರ, ಅಕ್ಕನ ಮನೆ. ಭಾನುವಾರ, ಅಕ್ಕನ ಮನೆ. ಹಬ್ಬ, ಅಕ್ಕನ ಮನೆ.

ರಮಾದೇವಿ ಓದಿ, ಪೆನ್ನು ತೆಗೆದು ಮೂರನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದರು. "ಯಾರ ಮನೆ ಅಂತ ನಾನು ಕೇಳಲಿಲ್ಲ ಸಾರ್. ಏನು ತಿಂದ್ರಿ ಅಂತ ಕೇಳಿದೆ."

ಆ ಗೆರೆ ನೋಡಿ ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

ಐದು ವಾರ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಹಾಲಿಲ್ಲ, ಗೋಧಿ ಇಲ್ಲ, ಕಾಳಿಲ್ಲ, ಹಲಸಿಲ್ಲ. ಅನ್ನ ಉಂಟು, ಹೀರೇಕಾಯಿ ಉಂಟು, ಕ್ಯಾರೆಟ್ಟು ಉಂಟು, ದೇವರ ದಯೆ, ರಾಗಿ ಮುದ್ದೆಯೂ ಉಂಟು. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಚೆನ್ನಾಗಿ ಅಗಿಯಬೇಕು ಅಂದರು ರಮಾದೇವಿ. ಮುದ್ದೇನ ಅಗಿಯೋದುಂಟಾ ಮೇಡಂ ಅಂದ ಇವನು. ಆಕೆಯೂ ಕೃಷ್ಣಗಿರಿ ಕಡೆ ಕಳಿ ಎಂದು ಕರೆಯುವ ಮುದ್ದೆ ಉಂಡು ಬೆಳೆದವರೇ, ನಕ್ಕುಬಿಟ್ಟರು, ಹಾಗಾದರೆ ಸಾವಕಾಶವಾಗಿ ನುಂಗಿ ಅಂದರು. ಬೆಳ್ಳುಳ್ಳಿ ಇಲ್ಲದೆ ಸಾರು ಹೇಗೆ ಮಾಡಲಿ ಎಂದು ಶಾಂತಿ ಒಲೆಯ ಮುಂದೆ ಕಣ್ಣೀರು ಹಾಕಿದಳು. ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಡಿ, ಎಣ್ಣೆಗೆ ಘಮ ಉಳಿಯುತ್ತದೆ, ಕಾಟ ಕೊಡುವುದು ಎಸಳಿನ ಜೊತೆ ಹೋಗುತ್ತದೆ ಎಂದು ರಮಾದೇವಿ ಹೇಳಿಕೊಟ್ಟ ಮೇಲೆ ಮನೆಯಲ್ಲಿ ಮತ್ತೆ ಒಗ್ಗರಣೆ ವಾಸನೆ ಬಂತು.

ನಾಲ್ಕನೇ ವಾರದ ಒಂದು ಸೋಮವಾರ ಅವನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫ್ಯಾಕ್ಟರಿಯ ಗೇಟಿನವರೆಗೂ ಹೋದ. ಅಷ್ಟೇ. ನಿಮಗೆ ಅದು ಏನೂ ಅಲ್ಲ, ಅವನಿಗೆ ಅದು ಹಬ್ಬ.

ಆಮೇಲೆ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ವಾಪಸು ತಂದು ನೋಡುವುದು. ಮೊದಲ ದಿನ ಇಷ್ಟೇ ಇಷ್ಟು, ಸುಮ್ಮನಿದ್ದರೆ ಮರುದಿನ ಸ್ವಲ್ಪ ಹೆಚ್ಚು, ಹೀಗೆ ಮೂರು ದಿನ, ಆ ಮೂರು ದಿನ ಬೇರೆ ಹೊಸದು ಬಾಯಿಗೆ ಹಾಕಬಾರದು. ಗೋಧಿ ಸ್ವಲ್ಪ ಪರವಾಗಿಲ್ಲ ಅಂತಾಯಿತು. ಹಾಲು ಆಗಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಅವನನ್ನು ಮಲಗಿಸಿದವು. ಕೊನೆಗೆ ಉಳಿದದ್ದು ಕಾಳು, ಅದರಲ್ಲೂ ಅವರೆಕಾಳು. "ಬೇಯಿಸಿದ್ದು ಎರಡು ಚಮಚ, ಅಷ್ಟರಿಂದ ಶುರು ಮಾಡಿ" ಎಂದರು ರಮಾದೇವಿ.

ನೋಟ್‌ಬುಕ್ಕಿನ ಆ ಪುಟದ ಮುಂದೆ ಮುನಿಕೃಷ್ಣ ಎಷ್ಟು ಹೊತ್ತು ಕೂತನೋ. ಅವನಿಗೆ ಈಗ ಎಲ್ಲ ತಿಳಿದಿತ್ತು. ಅಕ್ಕನ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಅಕ್ಕನ ಸಾರಿನಲ್ಲಿ ಇತ್ತಲ್ಲ! ಬೆಳ್ಳುಳ್ಳಿ, ಈರುಳ್ಳಿ, ಕಾಳು, ಮೇಲೊಂದು ಲೋಟ ಹಾಲು, ಅವನಿಗೆ ಆಗದ್ದೆಲ್ಲ ಒಂದೇ ತಟ್ಟೆಯಲ್ಲಿ. ಅಕ್ಕಾ, ನೀನು ಮದ್ದು ಇಕ್ಕಲಿಲ್ಲ, ಆದ್ರೂ ನಿನ್ನ ಊಟಾನೇ ನನಗೆ ಆಗಿಬರಲಿಲ್ಲ ಅಂತ ಹೇಳುವುದು ಹೇಗೆ? ನಿಜ ಹೇಳಿದರೆ ಕದಿರಮ್ಮನ ಮಾತನ್ನೇ ತಿರುಗಿ ಹೇಳಿದ ಹಾಗಾಗುತ್ತದೆ. ಸುಳ್ಳು ಹೇಳಿ ತಟ್ಟೆ ತುಂಬ ಉಂಡರೆ ಸೋಮವಾರ ಹೊಟ್ಟೆಯೇ ಬಾಯಿ ಬಿಡುತ್ತದೆ. ಉಣ್ಣದೆ ಬಂದರೆ, ನೋಡ್ದಾ, ಇನ್ನೂ ನಂಬ್ತಾವ್ನೆ ಅಂತಾಳೆ. ಯಾವ ಕಡೆ ತಿರುಗಿದರೂ ಅಕ್ಕ ದೂರವೇ.

"ಆ ಎರಡು ಚಮಚ ಅಲ್ಲೇ ಹೋಗಿ ತಿನ್ನಿ" ಎಂದಳು ಶಾಂತಿ. ಗಂಡನ ಮುಖ ನೋಡದೆ, ಅಕ್ಕಿ ಆರಿಸುತ್ತಾ ಹೇಳಿದಳು. "ಅಮ್ಮನ್ ಮಾತು ಕೇಳ್ಕೊಂಡು ನಾನೂ ಕುಣುದ್ಬುಟ್ಟೆ. ಅತ್ತಿಗೆ ಕಾಲಿಗೆ ಬೀಳಕ್ಕೆ ನಾನೂ ಬತ್ತೀನಿ, ಆದ್ರೆ ಮೊದ್ಲು ನೀವೊಬ್ರೇ ಹೋಗಿ."

ಭಾನುವಾರ ಬೆಳಿಗ್ಗೆ ಅವನು ಗುಮ್ಮಳಾಪುರದಲ್ಲಿ ಇಳಿದಾಗ ಭಾವ ಪಾಪಯ್ಯ ಬೇಲಿ ಕಟ್ಟುತ್ತಿದ್ದ. ಹಿಂದಿನ ವಾರ ಆನೆ ಬಂದು ರಾಗಿ ಮೆದೆಗೆ ಸೊಂಡಿಲು ಹಾಕಿ ಹೋಗಿತ್ತು. "ಬಾರಪ್ಪಾ ಮುನಿಕೃಷ್ಣಾ!" ಎಂದು ಒಳಗಿದ್ದವಳಿಗೆ ಕೇಳುವ ಹಾಗೆ ಬೇಕೆಂದೇ ಕೂಗಿದ. ಈ ಸಲ ಅಕ್ಕ ಬಾಗಿಲು ಹಾಕಿಕೊಳ್ಳಲಿಲ್ಲ.

ಅಂಜಮ್ಮ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ತಲೆ ಎತ್ತಲಿಲ್ಲ. ತಲೆಗೂದಲು ಮುಕ್ಕಾಲು ಬೆಳ್ಳಗಾಗಿತ್ತು, ಎರಡು ವರ್ಷಕ್ಕೆ ಇಷ್ಟೊಂದಾ! ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅವಳೆದುರು ಕೂತು, ತಾನೂ ಪಾತ್ರೆಗೆ ಕೈ ಹಾಕಿದ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ, ಆರು ವರ್ಷದವನಿದ್ದಾಗ ಅವಳೇ ಕಲಿಸಿದ ಕೆಲಸ. ಇಬ್ಬರೂ ಅರ್ಧ ಪಾತ್ರೆ ಹಿತಕಿದರು. ಒಂದು ಬೇಳೆ ಹಾರಿ ಅವನ ಹಣೆಗೆ ಬಡಿಯಿತು. ಅಂಜಮ್ಮನ ತುಟಿ ನಗುವುದಕ್ಕೆ ಹೊರಟು, ಮಧ್ಯದಲ್ಲೇ ನಿಂತಿತು.

"ಕೈ ತೊಳ್ಕೋ, ಹೋಗು" ಎಂದಳು. ಎರಡು ವರ್ಷದ ಮೇಲೆ ಅಕ್ಕ ಆಡಿದ ಮೊದಲ ಮಾತು ಅದು.

ಅಡುಗೆಯಾಗುವ ತನಕ ಅವನು ಜಗಲಿಯಲ್ಲಿ ಕೂತು ಆ ವಾಸನೆಯನ್ನು ಕುಡಿದ. ಸಾರು ಕುದಿಯುವ ಸದ್ದಿಗೆ ಬಾಯಲ್ಲಿ ನೀರೂರುತ್ತಿತ್ತು, ಹೊಟ್ಟೆಯಲ್ಲಿ ಹೆದರಿಕೆ. ಅವಳು ಕರೆದಳು. ತಟ್ಟೆಯಲ್ಲಿ ಮುದ್ದೆ, ಗುಳಿಯ ತುಂಬ ಸಾರು. ಅವನು ಕೂರುವ ಮೊದಲೇ ಅಂಜಮ್ಮ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಮುದ್ದೆಯಲ್ಲಿ ಒಂದು ತುತ್ತು ಮುರಿದಳು, ಸಾರಿನಲ್ಲಿ ಅದ್ದಿದಳು, ಅವನ ಕಣ್ಣನ್ನೇ ನೋಡುತ್ತಾ ನುಂಗಿದಳು. ಆಮೇಲೆ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು.

"ನೋಡ್ದಲ್ಲ. ಈಗ ಉಣ್ಣು."

ಅಯ್ಯೋ, ಅವಳು ಹೊಡೆದಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಮುನಿಕೃಷ್ಣ ತಟ್ಟೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತ. "ಹಂಗ್ ಮಾಡ್ಬ್ಯಾಡಕ್ಕ. ನಾನ್ ನಂಬಿರ್ನಿಲ್ಲ. ಅವತ್ತು ಒಂದ್ ಗಳಿಗೆ ಹೊಟ್ಟೆ ನೋವಲ್ಲಿ ಬುದ್ಧಿ ಓಡ್ನಿಲ್ಲ, ಅಷ್ಟೇ ಕಣಕ್ಕ. ತಪ್ಪಾಯ್ತು." ಎನ್ನುತ್ತಲೇ ಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಚಮಚ ತೆಗೆದ.

ಅಂಜಮ್ಮನ ಮುಖ ಕಪ್ಪಿಟ್ಟಿತು. "ಚಮ್ಚ ಯಾಕ್ಲಾ? ಅವತ್ತು ನನ್ ಕೈ ಆಗ್ನಿಲ್ಲ. ಇವತ್ತು ನನ್ ಸೌಟೂ ಆಗಾಕಿಲ್ವಾ?"

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಅವನು ನೋಟ್‌ಬುಕ್ ತೆಗೆದು ಪುಟ ಪುಟ ಓದಿ ಹೇಳಿದ, ಹಾಲು ಕುಡಿದ ದಿನ ಏನಾಯಿತು, ಈರುಳ್ಳಿ ತಿಂದ ದಿನ ಏನಾಯಿತು, ಇವೇನೂ ತಿನ್ನದ ವಾರಗಳು ಎಷ್ಟು ಸುಖವಾಗಿದ್ದವು. "ಗಂಟೂ ಇಲ್ಲ, ಮದ್ದೂ ಇಲ್ಲಕ್ಕ. ನನ್ ಕರ್ಳು ನಮ್ ಭಾವನ್ ಥರ, ಸಣ್ಣದಕ್ಕೂ ರೇಗ್ತದೆ." ಬಾಗಿಲಲ್ಲಿ ನಿಂತಿದ್ದ ಪಾಪಯ್ಯ, "ನನ್ನ್ಯಾಕಪ್ಪ ಎಳೀತೀಯ ಮಧ್ಯಕ್ಕೆ" ಎಂದು ರೇಗಿದ. ಅಂಜಮ್ಮ ನಗಲಿಲ್ಲ.

ಅವಳಿಗೆ ಓದು ಬಾರದು. ಆದರೂ ಮೊದಲ ಪುಟದ ಮೇಲೆ ಬೆರಳಿಟ್ಟಳು. "ಇಲ್ಲೇನೋ ಹೊಡ್ದಾಕವ್ರೆ?"

ಅವನು ತಲೆ ತಗ್ಗಿಸಿ ಓದಿದ. "ಅಕ್ಕನ ಮನೆ ಅಂತ ಬರ್ದಿದ್ದೆ. ಆವಮ್ಮ ಹೊಡುದ್ರು. ಯಾರ ಮನೆ ಅಂತ ಬರೀಬ್ಯಾಡ, ಏನ್ ತಿಂದೆ ಅಂತ ಬರಿ ಅಂದ್ರು."

ಅಂಜಮ್ಮ ಆ ಗೆರೆಯ ಮೇಲೆ ಬೆರಳಾಡಿಸಿದಳು. "ನೀನು ಸೊರಗ್ತಾ ಇದ್ದೆ" ಎಂದಳು ಕೊನೆಗೆ. "ಸೊರಗ್ದಂಗೆಲ್ಲ ನಾನ್ ಇನ್ನೊಂದ್ ಸೌಟು ಹಾಕ್ತಾ ಇದ್ದೆ. ಹಂಗಾರೆ ನಾನೇ ಮಾಡ್ದಂಗಾಯ್ತಲ್ಲೋ."

ಅವನು ಎರಡು ವರ್ಷದಿಂದ ಹೆದರಿದ್ದು ಈ ಮಾತಿಗೇ. "ಇಲ್ಲಕ್ಕ" ಎಂದ. ಈ ಸಲ ಒಂದು ಗಳಿಗೆಯೂ ತಡಮಾಡಲಿಲ್ಲ. "ಎಲ್ಡೇ ಚಮ್ಚ ತಿನ್ನಬೋದಂತೆ ನಾನು. ಅದುನ್ನ ನಿನ್ ಕೈಲೇ ತಿನ್ಬೇಕು ಅಂತ ಬಂದಿದ್ದೀನಿ. ನೀನೇ ತಿನ್ಸು."

ಪಂಕ್ತಿಯಲ್ಲಿ ಸೌಟು ಹಿಡಿದರೆ ಕೈ ಬಿಗಿ ಮಾಡಿ ಗೊತ್ತೇ ಇಲ್ಲದ ಹೆಂಗಸು ಅವತ್ತು ಎದ್ದು ಹೋಗಿ ಬೇರೆ ತಟ್ಟೆ ತಂದಳು. ಬರೀ ಬೇಳೆಯನ್ನು ಬಿಸಿನೀರಿನಲ್ಲಿ ಅದ್ದಿ ಮಸಾಲೆ ತೊಳೆದು, ಅವನ ಚಮಚದಲ್ಲಿ ಎರಡೇ ಎರಡು ಚಮಚ ಅಳೆದಳು. ಅದನ್ನು ಮುದ್ದೆಯ ಜೊತೆ ಸೇರಿಸಿ ಮೂರು ತುತ್ತು ಮಾಡಿದಳು. ತಲೆಯಲ್ಲಿ ನರೆ ಬಂದ ತಮ್ಮ ಬಾಯಿ ತೆರೆದು ಕೂತ. ತೊಳೆದ ಬೇಳೆಯಲ್ಲಿ ಉಪ್ಪಿಲ್ಲ, ಖಾರವಿಲ್ಲ, ಆದರೂ ಆ ಮೂರು ತುತ್ತಿಗೆ ಅವನು ಎರಡು ವರ್ಷ ಕಾದಿದ್ದ.

"ಹೊಟ್ಟೆ ತುಂಬ್ತಾ?" ಎಂದಳು ಅಂಜಮ್ಮ.

"ಇಲ್ಲ ಕಣಕ್ಕ."

"ನನ್ ಮನೇಲಿ ಹಸ್ಕೊಂಡು ಎದ್ದೋನು ನೀನೊಬ್ನೇ ಕಣ್ಲಾ" ಎಂದು ಅವಳು ಸೆರಗಿಗೆ ಕಣ್ಣೊತ್ತಿಕೊಂಡಳು. ಆಮೇಲೆ ಮೂರು ದಿನ ಕಾಯಬೇಕು ಎಂಬುದನ್ನು ಕೇಳಿ ತಿಳಿದುಕೊಂಡು, "ಹಂಗಾರೆ ಮೂರ್ ದಿನ ಇಲ್ಲೇ ಇರು. ನೋವು ಬರಂಗಿದ್ರೆ ನನ್ ಮನೇಲೇ ಬರ್ಲಿ. ಅಲ್ಲೋಗಿ ನೀನು ಒದ್ದಾಡಿ, ಇಲ್ಲಿ ನಾನು ಹೆಸರು ಹೊತ್ಕೊಂಡು ಕೂರೋದು ಸಾಕು" ಎಂದಳು. ಅವನು ಸೂಪರ್‌ವೈಸರಿಗೆ ಫೋನು ಮಾಡಿ ರಜ ಹೇಳಿದ.

ಸಂಜೆ ನಾಲ್ಕೂವರೆಗೆ ಹೊಟ್ಟೆ ಗುಡುಗಿತು. ಜೋರಾಗಿ ಅಲ್ಲ, ಮೊದಲಿನ ಹಾಗೆ ಹಿಂಡಲಿಲ್ಲ, ಆದರೆ ಬಂತು. ಉಬ್ಬರ, ಸಣ್ಣ ನೋವು, ಹಿತ್ತಲಿಗೆ ಎರಡು ಸಲ. ಎರಡನೆಯ ಸಲ ಅವನು ಹೊರಗೆ ಬಂದಾಗ ಅಂಜಮ್ಮ ನೀರಿನ ತೊಟ್ಟಿಯ ಹತ್ತಿರ ಚೊಂಬು ಹಿಡಿದು ನಿಂತಿದ್ದಳು.

"ಏನ್ಲಾ?"

ಏನೂ ಇಲ್ಲ ಅಂದುಬಿಡಬಹುದಿತ್ತು. ಹಾಗಂದಿದ್ದರೆ ಅಕ್ಕ ನಗುತ್ತಿದ್ದಳು, ನಾಳೆ ಊರಿಗೆಲ್ಲ ಹೇಳುತ್ತಿದ್ದಳು, ಮದುವೆಗಳಲ್ಲಿ ಮತ್ತೆ ಸೌಟು ಹಿಡಿಯುತ್ತಿದ್ದಳು. ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಆ ಸೋಮವಾರಗಳ ನೋವನ್ನು ಅಂದೇ ಅಕ್ಕನಿಗೆ ಹೇಳದೆಯೇ ಅಲ್ಲವೇ ಇಷ್ಟೆಲ್ಲ ಆದದ್ದು ಅನ್ನಿಸಿತು ಅವನಿಗೆ.

"ಸ್ವಲ್ಪ ಬಂತಕ್ಕ" ಎಂದ.

ಅಂಜಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಸೆರಗಿಗೆ ಒರೆಸಿಕೊಂಡಳು. ಅವನ ಕೈಗೆ ನೀರು ಹುಯ್ದಳು.

"ಎಲ್ಡು ಜಾಸ್ತಿ ಆಯ್ತು" ಎಂದಳು ಅವಳು. "ಹೊಟ್ಟೆ ಸರಿಹೋಗ್ಲಿ. ಆಮ್ಯಾಕೆ ಒಂದೇ ಚಮ್ಚ ಹಾಕ್ತೀನಿ."

ಒಳಗೆ ಹೋಗಿ ನೋಟ್‌ಬುಕ್ಕು, ಪೆನ್ನು ತಂದು ಅವನ ಮುಂದೆ ಹಿಡಿದಳು. "ಬರ್ಕೋ" ಎಂದಳು. "ನನ್ ಮನೆ ಅಂತ ಬರೀಬ್ಯಾಡ ಮತ್ತೆ. ಅವರೆಕಾಳು ಅಂತ ಬರಿ."

ಮುನಿಕೃಷ್ಣ ಒದ್ದೆ ಕೈಯಲ್ಲೇ ಅವರೆಕಾಳು ಎಂದು ಬರೆದ.